ಬಂದವರ ಪಾಲು

ಸರ್ವಮಂಗಳ ತೀರಿಕೊಂಡು ವರ್ಷ ಕಳೆದರೂ ಬುತ್ತಿಪೇಟೆಯ ಜನ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಅವರು ಉಪವಾಸ ಬಿದ್ದದ್ದು ಆಕೆಯ ಗಂಡ ಬಕ್ಕೇಶಪ್ಪನವರು ಊರು ಉದ್ಧಾರ ಮಾಡಲು ಹೊರಟ ಮೇಲೆ.

ಬುತ್ತಿಪೇಟೆ ಯಾವ ತಾಲ್ಲೂಕಿನಲ್ಲಿದೆ ಎಂದು ಹುಡುಕಲು ಹೋಗಬೇಡಿ. ದಾವಣಗೆರೆಯ ವಿದ್ಯಾನಗರದ ಒಂದು ಮನೆಯಲ್ಲಿ, ಊಟದ ಮೇಜಿನಷ್ಟೇ ಅಗಲದ ಗಾಜಿನ ಪರದೆಯೊಳಗೆ ಇರುವ ಊರು ಅದು. 'ಪೇಟೆಯಾಟ' ಎಂಬ ಆಟ ಒಂದು ಕಾಲಕ್ಕೆ ಮನೆಮನೆಯಲ್ಲೂ ಇತ್ತು. ಬರಿ ನೆಲ ಕೊಡುತ್ತಿದ್ದರು. ನಮ್ಮ ಒಂದು ದಿನದೊಳಗೆ ಅಲ್ಲಿ ಹಲವು ಸಲ ಬೆಳಗಾಗುತ್ತಿತ್ತು. ಆಡುವವರು ರಸ್ತೆ ಹಾಕಬೇಕು, ಮನೆ ಕಟ್ಟಬೇಕು, ಹೊಲ ಉಳಿಸಬೇಕು, ಗಿರಣಿ ಎಬ್ಬಿಸಬೇಕು. ಅಷ್ಟು ಎಲ್ಲರಿಗೂ ಬರುತ್ತಿತ್ತು. ಎಲ್ಲರೂ ಎಡವುತ್ತಿದ್ದದ್ದು ಗೋದಾಮಿನ ಹತ್ತಿರ. ಯಾವ ಗೋದಾಮು ಏನನ್ನು ತುಂಬಿಕೊಳ್ಳಬೇಕು, ಏನನ್ನು ಒಲ್ಲೆ ಅನ್ನಬೇಕು, ಎಷ್ಟು ಉಳಿಸಿಕೊಂಡು ಎಷ್ಟನ್ನು ಸಂತೆಗೆ ಬಿಡಬೇಕು, ಗಾಡಿ ಯಾವ ಓಣಿಯಿಂದ ಹೋಗಬೇಕು ಎನ್ನುವುದರಲ್ಲಿ ಸ್ವಲ್ಪ ಲೆಕ್ಕ ತಪ್ಪಿದರೂ ಮುಗಿಯಿತು. ಒಂದು ಓಣಿಯಲ್ಲಿ ಜೋಳಕ್ಕೆ ಹುಳು ಬೀಳುತ್ತಿತ್ತು, ಪಕ್ಕದ ಓಣಿಯಲ್ಲಿ ಮಂದಿ ಹಸಿದು ಗಂಟುಮೂಟೆ ಕಟ್ಟುತ್ತಿದ್ದರು.

ಈ ಆಟದ ಜನ ಹಳೆಯ ಆಟಗಳ ಗೊಂಬೆಗಳಂಥವರಲ್ಲ. ಒಬ್ಬೊಬ್ಬರೊಳಗೂ ಸಾಸಿವೆಯಷ್ಟು ಕಲಿಯುವ ಬುದ್ಧಿ ಇಟ್ಟಿದ್ದರು. ಆಡುವವರ ಅಪ್ಪಣೆಯನ್ನಷ್ಟೇ ಅಲ್ಲ, ಅವರ ರೂಢಿಯನ್ನೂ ಇವರು ನೋಡಿ ನೋಡಿ ಕಲಿಯುತ್ತಿದ್ದರು. ವರ್ಷಗಟ್ಟಲೆ ಆಡಿದರೆ ಊರಿಗೆ ಆಡಿದವರ ಕೈಗುಣ ಬರುತ್ತಿತ್ತು. ಆಮೇಲೆ ಯಾರೂ ಮುಟ್ಟದಿದ್ದರೂ ತನ್ನಷ್ಟಕ್ಕೆ ತಾನು ನಡೆದುಕೊಂಡು ಹೋಗುತ್ತಿತ್ತು. ಅದರ ನಕಲು ತೆಗೆದಿಡಲು ಮಾತ್ರ ಬರುತ್ತಿರಲಿಲ್ಲ. ಸಾವಿರಾರು ಪುಟ್ಟ ಬುದ್ಧಿಗಳು ಒಂದಕ್ಕೊಂದು ಹೆಣೆದುಕೊಂಡು ಗಳಿಗೆಗೊಮ್ಮೆ ಬದಲಾಗುವಂಥವು, ನಿಲ್ಲಿಸಿ ಎತ್ತಿದರೆ ಕೈಗೆ ಬರುತ್ತಿದ್ದದ್ದು ಸತ್ತ ಅಂಕಿಗಳು. ಮೊಸರಿನ ಹೆಪ್ಪಿದ್ದ ಹಾಗೆ ಅನ್ನಿ. ಮನೆಯ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ತರಬಹುದು, ಆದರೆ ಅಲ್ಲಿಂದಾಚೆಗೆ ಮೊಸರಿಗೆ ಪಕ್ಕದ ಮನೆಯದೇ ರುಚಿ.

ಆಟ ಮಾಡಿದ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಯಿತು. ಇನ್ನೂ ಜೀವ ಹಿಡಿದಿದ್ದ ಊರುಗಳನ್ನು ಹರಿಹರದ ರಸ್ತೆಯಲ್ಲಿರುವ ಒಂದು ಗಣಕ ಕೇಂದ್ರದವರು ತಮ್ಮ ಯಂತ್ರಗಳಲ್ಲಿ ಇಟ್ಟುಕೊಂಡು, ಹಂಚಿಕೊಂಡು ಬಾಳುವುದನ್ನು ಈ ಜನ ಹೇಗೆ ಕಲಿಯುತ್ತಾರೆ ಎಂದು ಅಭ್ಯಾಸ ಮಾಡುತ್ತಿದ್ದರು. ಅವರದೊಂದೇ ಕಟ್ಟಳೆ: ಊರಿನ ಕೊನೆಯ ಮನುಷ್ಯ ಹೊರಟುಹೋದರೆ ಆ ಊರನ್ನು ಒರೆಸಿ ಜಾಗ ಬೇರೆ ಕೆಲಸಕ್ಕೆ ಕೊಡುತ್ತಾರೆ. ಬಕ್ಕೇಶಪ್ಪನವರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಊರಿಗೆ ಕೈ ಹಾಕಿದರು ನೋಡಿ.

ಅವರು ನೌಕರಿಯಲ್ಲಿದ್ದದ್ದು ಸರ್ಕಾರಿ ಗೋದಾಮಿನ ಮೇಲ್ವಿಚಾರಕರಾಗಿ. ಮೊದಲು ಬಂದ ಮೂಟೆ ಮೊದಲು ಹೋಗಬೇಕು, ಕೊನೆಯಲ್ಲಿ ಬಂದದ್ದು ಕೊನೆಗೆ. ಒಂದು ಮೂಟೆ ಅಡ್ಡಾದಿಡ್ಡಿಯಾಗಿ ಕೂತರೂ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸಾಯಂಕಾಲ ಗೋಣಿಯ ಧೂಳು ಮೈಗಂಟಿಸಿಕೊಂಡು ಮನೆಗೆ ಬಂದರೆ ಸರ್ವಮಂಗಳ ಪರದೆಯ ಮುಂದೆ ಕೂತಿರುತ್ತಿದ್ದಳು. ಪಕ್ಕದಲ್ಲಿ ಅವರಿಗಾಗಿ ಒಗ್ಗರಣೆ ಮಂಡಕ್ಕಿ, ಮುಚ್ಚಿಟ್ಟ ಎರಡು ಮಿರ್ಚಿ. ಮಗಳು ದಾಕ್ಷಾಯಿಣಿ ಅತ್ತ ಕಡೆ ಶಾಲೆಯ ಪುಸ್ತಕ ಹರವಿಕೊಂಡಿರುತ್ತಿದ್ದಳು. "ನೋಡ್ರಿ, ನಿಮ್ಮಂಥ ದೊಡ್ಡ ಅಧಿಕಾರಿಗಳು ಹೇಳ್ಬೇಕು, ಈ ಗೋದಾಮು ಎಲ್ಲಿಡ್ಲಿ?" ಎಂದು ಆಕೆ ಕೇಳುವುದು, ಇವರು ಮಂಡಕ್ಕಿ ಅಗಿಯುತ್ತಾ ಗಂಭೀರವಾಗಿ ಸಂತೆಗೆ ಹತ್ತಿರ, ಗಿರಣಿಗೆ ದೂರ ಎಂದೆಲ್ಲ ವಿವರಿಸುವುದು, ಎಲ್ಲವನ್ನೂ ಹೂಂಗುಟ್ಟಿ ಕೇಳಿ ಆಕೆ ತನಗೆ ಬೇಕಾದಲ್ಲಿಯೇ ಇಡುವುದು. ಕೇಳಿದ್ದು ಯಾಕೆ ಹಾಗಾದರೆ ಎಂದು ಇವರು ಸಿಡುಕಿದರೆ, ಮಂಡಕ್ಕಿ ತಿನ್ನುವಾಗ ನಿಮಗೂ ಏನಾದರೂ ಮಾತು ಬೇಕಲ್ಲ ಎಂದು ನಗುತ್ತಿದ್ದಳು. ಆ ದಿನಗಳಲ್ಲಿ ಅವರು ಸುಖವಾಗಿದ್ದರು. ಸುಖವಾಗಿದ್ದೇವೆ ಎಂಬುದು ಆಗ ಗೊತ್ತಾಗಲಿಲ್ಲ, ಅಷ್ಟೆ.

ಅಡುಗೆಮನೆಯಲ್ಲೂ ಆಕೆಯದು ಅದೇ ಚಾಳಿ. ಮನೆಯಲ್ಲಿ ಮೂರು ಜನ ಇದ್ದರೆ ಅಕ್ಕಿ ನಾಲ್ಕು ಜನಕ್ಕೆ. ಬಂದವರ ಪಾಲು ಎನ್ನುತ್ತಿದ್ದಳು. ಜಂಗಮರು ಬರಬಹುದು, ನೆಂಟರು ಬರಬಹುದು, ದಾರಿತಪ್ಪಿದವರು ಬರಬಹುದು. ಬಂದವರಿಗೆ ಇದೆ ಎಂದಾದ ಮೇಲೆಯೇ ಮನೆಯವರಿಗೆ ಬಡಿಸುವುದು. ಯಾರು ಬರುತ್ತಾರೆ ಎಂದು ಕೇಳಿದರೆ "ಬಂದೋರು ಬರ್ತಾರೆ" ಎನ್ನುವುದೊಂದೇ ಉತ್ತರ. ಬಹಳ ದಿನ ಯಾರೂ ಬರುತ್ತಿರಲಿಲ್ಲ. ಆ ಅನ್ನ ಬೆಳಿಗ್ಗೆ ಶೇಂಗಾ, ಹಸಿಮೆಣಸಿನಕಾಯಿ ಹಾಕಿದ ಒಗ್ಗರಣೆ ಅನ್ನವಾಗಿ ಬಕ್ಕೇಶಪ್ಪನವರ ತಟ್ಟೆಗೇ ಬೀಳುತ್ತಿತ್ತು. ಇವತ್ತೂ ನಿನ್ನೆ ಅನ್ನಾನಾ ಎಂದು ಅವರು ಮುಖ ಸಿಂಡರಿಸಿದರೆ ಆಕೆಯ ಮಾತು ಸಿದ್ಧವಾಗಿರುತ್ತಿತ್ತು: "ಬಂದೋರು ಬರ್ಲಿಲ್ಲ. ನೀವೇ ಬಂದೋರು ಅಂದ್ಕೊಂಡು ಉಣ್ರಿ."

ಈಗ ಮನೆಯಲ್ಲಿ ಇಬ್ಬರೇ. ದಾಕ್ಷಾಯಿಣಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳು ತಂದ ಹೊಸ ಕುಕ್ಕರ್ ಮನೆಯಲ್ಲಿ ಎಷ್ಟು ಜನ ಇದ್ದಾರೆ, ಯಾರು ಎಷ್ಟು ಉಣ್ಣುತ್ತಾರೆ ಎಂದು ತಾನೇ ತಿಳಿದು ಅಷ್ಟೇ ಅಕ್ಕಿ ತೆಗೆದುಕೊಳ್ಳುತ್ತದೆ. ಒಂದು ಅಗುಳು ಉಳಿಯುವುದಿಲ್ಲ. ಬೆಳಿಗ್ಗೆ ಬ್ರೆಡ್ಡು, ಓಟ್ಸು. ಬಕ್ಕೇಶಪ್ಪನವರು ಮೊದಮೊದಲು ಮಗಳನ್ನು ಹೊಗಳಿದರು. ಆಮೇಲೆ ಹೊಗಳುವುದನ್ನು ಬಿಟ್ಟು ಸುಮ್ಮನೆ ತಿನ್ನತೊಡಗಿದರು.

ವರ್ಷದ ಕಾರ್ಯ ಮುಗಿದ ವಾರ ಅವರಿಗೆ ಹೆಂಡತಿಯ ಊರಿಗೆ ಏನಾದರೂ ಮಾಡಬೇಕು ಅನ್ನಿಸಿತು. ಅಲ್ಲಿಯವರೆಗೆ ಅವರು ಬುತ್ತಿಪೇಟೆಯನ್ನು ನೋಡುತ್ತಿದ್ದರೇ ಹೊರತು ಮುಟ್ಟಿರಲಿಲ್ಲ. ಹತ್ತಿರದಿಂದ ನೋಡಿದರೆ ಅಯ್ಯೋ ಅನ್ನಿಸುವಂತಿತ್ತು. ಗೋದಾಮುಗಳು ಎಲ್ಲೆಂದರಲ್ಲಿ, ರಸ್ತೆಗಳು ಸೊಟ್ಟ. ಅವರು ಎರಡು ಸಣ್ಣ ಗೋದಾಮುಗಳನ್ನು ಸೇರಿಸಿ ಒಂದು ಮಾಡಿದರು, ಓಣಿಗಳನ್ನು ನೆಟ್ಟಗೆ ಮಾಡಿದರು. ಊರ ಕೊನೆಯಲ್ಲಿ, ಊರೊಳಗೆ ಹೊಗುವ ಅಗಸೆ ಬಾಗಿಲಿನ ಪಕ್ಕ ಒಂದು ಮನೆ ಇತ್ತು. ಊರು ಹುಟ್ಟಿದಾಗಿನಿಂದ ಅದರಲ್ಲಿ ಯಾರೂ ಇರಲಿಲ್ಲ. ಆದರೂ ಅದರ ಪಡಸಾಲೆಯಲ್ಲಿ ಜೋಳ, ಬೇಳೆ, ಎಣ್ಣೆಯ ಗಡಿಗೆ. ದಿನಾ ಬೆಳಿಗ್ಗೆ ಮೊದಲ ಗಾಡಿ ಇಡೀ ಊರು ದಾಟಿ ಅಲ್ಲಿಗೇ ಹೋಗಿ ಇಳಿಸಿ ಬರುತ್ತಿತ್ತು, ಹಳೆಯದು ಹಾಳಾಗುತ್ತಿತ್ತು. ಪಾಪ, ಮರೆತು ಬಿಟ್ಟಿದ್ದಾಳೆ ಎಂದುಕೊಂಡ ಬಕ್ಕೇಶಪ್ಪನವರು ಆ ಮನೆಯನ್ನು ಒಡೆದು ನೆಲ ಚೊಕ್ಕಟ ಮಾಡಿದರು. ಸಾಯಂಕಾಲ ಮಗಳನ್ನು ಕರೆದು ತೋರಿಸಿದರು. ನಿಮ್ಮಮ್ಮ ನೋಡಿದ್ದರೆ ಖುಷಿಪಡುತ್ತಿದ್ದಳು ಎಂದರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಮರುದಿನ ಮೊದಲ ಗಾಡಿ ಅಗಸೆಯ ಹತ್ತಿರ ಹೋಗಿ, ಬರಿ ನೆಲದ ಮುಂದೆ ನಿಂತು, ಹೇರಿದ ಮೂಟೆಯ ಸಮೇತ ಹಿಂದಿರುಗಿತು. ಯಂತ್ರದ ದೋಷ ಇರಬೇಕೆಂದು ಇವರು ಆ ರಸ್ತೆಗೆ ಅಡ್ಡಗಟ್ಟೆ ಹಾಕಿದರು. ಅಲ್ಲಿಗೆ ಎಲ್ಲ ಗಾಡಿಗಳೂ ನಿಂತವು. ಗೋದಾಮು ತುಂಬಿ ತುಳುಕುತ್ತಿದೆ, ಬಾಗಿಲಲ್ಲಿ ಗಾಡಿಗಳು ಮೂಟೆ ಹೇರಿಕೊಂಡು ಸಾಲಾಗಿ ನಿಂತಿವೆ, ಓಣಿಗಳಲ್ಲಿ ಒಲೆಯ ಹೊಗೆ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ ಗಾಡಿಯವರು ಅಲ್ಲಾಡಲಿಲ್ಲ. ಸಂತೆಯ ಪಾಲು ಹೆಚ್ಚಿಸಿ ನೋಡಿದರು, ಹೊಸ ಗಾಡಿ ಮಾಡಿಸಿದರು. ಅವೂ ಹೋಗಿ ಸಾಲಿನ ಹಿಂದೆ ನಿಂತವು. ಮಧ್ಯಾಹ್ನದ ಹೊತ್ತಿಗೆ ಮೊದಲ ಸಂಸಾರ ತಲೆಯ ಮೇಲೆ ಗಂಟು ಹೊತ್ತು ಅಗಸೆ ದಾಟಿತು.

ಒಂದು ದಾರಿ ಇತ್ತು. ಬೆರಳಿನಿಂದ ಒತ್ತಿ ಹೇಳಿದರೆ ಗಾಡಿ ಹೋಗುತ್ತಿತ್ತು, ಒಂದು ಮನೆಗೆ ಒಂದು ಸಲ. ಅಲ್ಲಿಂದ ನಾಲ್ಕು ದಿನ ಬಕ್ಕೇಶಪ್ಪನವರು ಬೆಳಕು ಹರಿದಾಗ ಕೂತರೆ ಹೊತ್ತು ಮುಳುಗುವವರೆಗೆ ಒಂದೊಂದೇ ಗಾಡಿಯನ್ನು ಒಂದೊಂದೇ ಮನೆಗೆ ತಳ್ಳುತ್ತಾ ಕೂತರು. ಈ ಓಣಿಗೆ ಉಣಿಸುವಷ್ಟರಲ್ಲಿ ಆ ಓಣಿ ಹಸಿಯುತ್ತಿತ್ತು. ಕಣ್ಣು ಕೆಂಪಾಯಿತು. ಊಟ ಬ್ಯಾಡೇನು ಅಪ್ಪಾಜಿ ಎಂದು ಮಗಳು ತಟ್ಟೆ ತಂದಿಟ್ಟರೆ ಈ ಓಣಿಯವರಿಗಿನ್ನೂ ಆಗಿಲ್ಲ ತಡಿ ಎನ್ನುತ್ತಿದ್ದರು. ಆಟದ ಊರಿಗೆ ಇಷ್ಟು ಹಚ್ಚಿಕೊಂಡರೆ ಹೇಗೆ ಎಂದು ದಾಕ್ಷಾಯಿಣಿ ಗದರಿದಳು.

"ಆಟದ ಊರಲ್ಲವ್ವ," ಎಂದರು ಅವರು. "ನಿಮ್ಮಮ್ಮನ ಕೈ ಉಳಿದಿರಾದು ಇಲ್ಲಿ ಮಾತ್ರ."

ಮಾರನೆಯ ದಿನ ದಾಕ್ಷಾಯಿಣಿ ಕಾಲೇಜಿಗೆ ರಜೆ ಹಾಕಿ ಅವರನ್ನು ಗಣಕ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಕೇಂದ್ರದಲ್ಲಿ ಈ ಊರುಗಳನ್ನು ನೋಡಿಕೊಳ್ಳುತ್ತಿದ್ದವಳು ಆಫ್ರೀನ್ ಎಂಬ ವಿಜ್ಞಾನಿ. ಆಜಾದ್ ನಗರದ ಹುಡುಗಿ, ದಾಕ್ಷಾಯಿಣಿಯ ಹಳೆಯ ವಿದ್ಯಾರ್ಥಿನಿ. ತಣ್ಣನೆಯ ಕೋಣೆಯಲ್ಲಿ ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಆಕೆ ಗೋಡೆಯಗಲದ ಪರದೆಯಲ್ಲಿ ಬುತ್ತಿಪೇಟೆಯನ್ನು ತೆರೆದಳು. ಈ ಜನರಿಗೆ ಬಾಯಿಲ್ಲ, ಯಾಕೆ ನಿಂತಿರಿ ಎಂದು ಕೇಳಲು ಬರುವುದಿಲ್ಲ, ಆದರೆ ಯಾವುದರ ದಾರಿ ಕಾಯುತ್ತಿದ್ದಾರೆ ಎಂದು ನೋಡಬಹುದು ಎಂದು ಹೇಳಿ ಏನನ್ನೋ ಒತ್ತಿದಳು. ಪ್ರತಿಯೊಬ್ಬ ಗಾಡಿಯವನ ತಲೆಯಿಂದಲೂ ಒಂದು ತೆಳು ಹಳದಿ ಗೆರೆ ಹೊರಟಿತು. ಗೆರೆಗಳು ಸಂತೆಗೆ ಹೋಗಲಿಲ್ಲ, ಗೋದಾಮಿಗೆ ಹೋಗಲಿಲ್ಲ. ಎಲ್ಲವೂ ಊರು ದಾಟಿ ಅಗಸೆಯ ಪಕ್ಕದ ಬರಿ ನೆಲದ ಮೇಲೆ ಹೋಗಿ ಕೂಡಿದವು.

ಅಲ್ಲೇನಿತ್ತು ಎಂದು ಆಫ್ರೀನ್ ಕೇಳಿದಳು. ಬಕ್ಕೇಶಪ್ಪನವರು ಪಕ್ಕದಲ್ಲಿದ್ದ ಕುರ್ಚಿಯನ್ನು ಹುಡುಕಿ ಹಿಡಿದು ಕೂತರು. ಯಾರೂ ಇಲ್ಲದ ಮನೆ, ದಿನಾ ಮೊದಲ ಗಾಡಿ, ಹಾಳಾಗುವ ಜೋಳ ಎಲ್ಲವನ್ನೂ ಹೇಳಿದರು. ಹೇಳುತ್ತಾ ಹೇಳುತ್ತಾ ಮಗಳ ಮುಖ ನೋಡಿದರು. ಅವಳಿಗೆ ಆಗಲೇ ಅರ್ಥವಾಗಿತ್ತು. ಅವಳು ಆ ಅನ್ನವನ್ನು ಉಂಡು ಬೆಳೆದವಳು.

"ಅವ್ರು ಹಂಚಾದು ಅಂತ ಬ್ಯಾರೆ ಕಲ್ತೇ ಇಲ್ಲ ಸರ್," ಎಂದಳು ಆಫ್ರೀನ್. "ಬಂದೋರಿಗೆ ಇಟ್ಟಾಯ್ತು ಅಂದ್ರೆ ಊರಿಗೆ ಸಾಕಾಗುವಷ್ಟು ಐತಿ ಅಂತ. ಆ ಮನೆ ಇಲ್ಲ ಅಂದ್ರೆ ಬರಗಾಲ ಬಂತು ಅಂತ. ಅದಕ್ಕೇ ಕಾಳು ಬಿಡ್ತಿಲ್ಲ."

ಗೋದಾಮು ತುಂಬಿದೆಯೋ ಖಾಲಿಯೋ ಎಂದು ಗಾಡಿಯವರು ನೋಡುವುದೇ ಇಲ್ಲ, ಅವರು ಅಗಸೆಯ ಮನೆಯನ್ನು ನೋಡಿ ಊರಿನ ಸ್ಥಿತಿ ತಿಳಿಯುತ್ತಾರೆ ಎಂದು ಆಕೆ ಬಿಡಿಸಿ ಹೇಳಿದಳು. ಹಾಗಾದರೆ ಮನೆ ಕಟ್ಟಿ ನಾನೇ ಒಂದು ಗಾಡಿ ತಳ್ಳುತ್ತೇನೆ ಎಂದು ಬಕ್ಕೇಶಪ್ಪನವರು ಎದ್ದರು. ಆಫ್ರೀನ್ ತಡೆದಳು. ಇಷ್ಟು ದಿನ ಬೆರಳಿನಿಂದ ತಳ್ಳಿದ್ದರಿಂದ ಅವರು ಬೆರಳನ್ನೇ ಕಾಯುವುದನ್ನು ಕಲಿಯತೊಡಗಿದ್ದಾರೆ. ಇನ್ನೂ ತಳ್ಳಿದರೆ ಅಮ್ಮನವರ ರೂಢಿ ಪೂರ್ತಿ ಅಳಿಸಿಹೋಗಿ ನಿಮ್ಮದೇ ಉಳಿಯುತ್ತದೆ. ಮನೆ ಕಟ್ಟಿರಿ, ರಸ್ತೆ ಬಿಡಿಸಿರಿ, ಆಮೇಲೆ ಕೈ ಕಟ್ಟಿಕೊಂಡು ಕೂರಿರಿ. ಮೂಟೆಯನ್ನು ಅವರಾಗಿಯೇ ಒಯ್ಯಬೇಕು. ಬಿಟ್ಟುಹೋದವರು ಏನಾದರು ಎಂದು ದಾಕ್ಷಾಯಿಣಿ ಕೇಳಿದಳು. ಕಂಪನಿ ಮುಚ್ಚಿದ ಮೇಲೆ ಊರಿಂದ ಊರಿಗೆ ದಾರಿ ಇಲ್ಲವಲ್ಲ, ಅಗಸೆಯಾಚೆಯ ದಾರಿಯಲ್ಲೇ ಕೂತಿರುತ್ತಾರೆ, ಕೆಲವು ದಿನ ಇದ್ದು ಆಮೇಲೆ ಅಳಿದುಹೋಗುತ್ತಾರೆ ಎಂದಳು ಆಫ್ರೀನ್. ಅವಳ ದನಿ ಸಣ್ಣದಾಗಿತ್ತು.

ಮನೆಗೆ ಬಂದವರೇ ಬಕ್ಕೇಶಪ್ಪನವರು ಅಡ್ಡಗಟ್ಟೆ ತೆಗೆದರು. ಅಗಸೆಯ ಪಕ್ಕ ಮನೆ ಕಟ್ಟಿದರು. ಮೊದಲಿದ್ದ ಹಾಗೆಯೇ ಸ್ವಲ್ಪ ಸೊಟ್ಟಗೆ ಕಟ್ಟಿದರು. ಅದಕ್ಕೆ ಅವರ ಜೀವ ಎಷ್ಟು ಒದ್ದಾಡಿತೋ ಅವರಿಗೇ ಗೊತ್ತು. ಬಾಗಿಲು ತೆರೆದಿಟ್ಟರು. ಆಮೇಲೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ಆಟದ ಊರಿನಲ್ಲಿ ಬೆಳಗಾಯಿತು. ಗಾಡಿ ಹೊರಡಲಿಲ್ಲ. ಗಾಡಿಯವರೆಲ್ಲ ಮುಖ ಮೇಲೆ ಮಾಡಿ ಬೆರಳು ಬರುವುದನ್ನೇ ಕಾಯುತ್ತಿದ್ದರು. ನೇಕಾರರ ಓಣಿ ಖಾಲಿಯಾಯಿತು. ಕುಂಬಾರರ ಓಣಿಯಲ್ಲಿ ಒಂದು ಮನೆ ಉಳಿಯಿತು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಒಬ್ಬರ ಹಿಂದೊಬ್ಬರು ಅಗಸೆ ದಾಟಿದರು. ಒಂದು ಸಲ ಒತ್ತಿದರೆ ಸಾಕು, ಅವರಿಗೆ ಊಟ ಸಿಗುತ್ತದೆ. ನಲವತ್ತು ವರ್ಷ ಮೂಟೆ ಕಳಿಸಿದ ಕೈ ಅದು, ಸುಮ್ಮನೆ ಇರಲು ಬಾರದು. ಒಮ್ಮೆ ಎದ್ದೇಬಿಟ್ಟಿತು. ದಾಕ್ಷಾಯಿಣಿ ಅದನ್ನು ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಮತ್ತೊಂದು ಬೆಳಗಾಯಿತು. ಸಾಲಿನ ಮುಂದಿದ್ದ ಗಾಡಿಯವನು ಮುಖ ಕೆಳಗೆ ಮಾಡಿದ. ಅವನು ಊರಿನ ಮೊದಲ ಗಾಡಿಯವನು. ಸರ್ವಮಂಗಳ ಅವನಿಗೆ ಹಾಲಪ್ಪ ಎಂದು ಹೆಸರಿಟ್ಟು, ಪಾಪ ಮುದುಕ ಎಂದು ಸಣ್ಣ ಮೂಟೆಯನ್ನೇ ಹೇರಿಸುತ್ತಿದ್ದಳು. ಹಾಲಪ್ಪ ಅಗಸೆಯ ಕಡೆ ನೋಡಿದ. ಆಮೇಲೆ ಗಾಡಿ ಎಳೆದುಕೊಂಡು ಹೊರಟ. ಖಾಲಿ ಓಣಿಗಳನ್ನು ದಾಟಿ, ಸೊಟ್ಟ ಮನೆಯ ಮುಂದೆ ನಿಂತು, ಪಡಸಾಲೆಯಲ್ಲಿ ಮೂಟೆ ಇಳಿಸಿದ. ಹಿಂದಿರುಗುವಾಗ ಗಾಡಿಯ ಗಂಟೆ ಬಾರಿಸಿದ. ಆ ಗಂಟೆಯನ್ನು ಬಕ್ಕೇಶಪ್ಪನವರು ಎಷ್ಟೋ ವರ್ಷಗಳ ಹಿಂದೆ ದಿನಾ ಮಂಡಕ್ಕಿ ತಿನ್ನುತ್ತಾ ಕೇಳಿದ್ದರು, ಈ ಸದ್ದು ತೆಗಿ ಎಂದು ಹೆಂಡತಿಗೆ ಗೊಣಗಿದ್ದರು.

ಎರಡನೆಯ ಗಾಡಿ ಹೊರಟಿತು. ಮೂರನೆಯದು. ಒಮ್ಮೆಲೇ ಎಲ್ಲವೂ. ಉಳಿದಿದ್ದ ನಾಲ್ಕಾರು ಮನೆಗಳಲ್ಲಿ ಒಲೆ ಹೊತ್ತಿದವು.

ಆದರೆ ಬಕ್ಕೇಶಪ್ಪನವರ ಕಣ್ಣು ಅಗಸೆಯ ಮೇಲಿತ್ತು. ದಾರಿಯಲ್ಲಿ ಕೂತಿದ್ದ ಒಂದು ಸಂಸಾರ ಎದ್ದು ನಿಂತು ಒಳಗೆ ಇಣುಕಿತು. ಗಂಡ, ಹೆಂಡತಿ, ಒಂದು ಕೂಸು. ಅವರಿದ್ದ ಮನೆ ಈಗ ಬೀಗ ಬಿದ್ದ ಮನೆ. ಊರು ಬಿಟ್ಟವರಿಗೆ ಊರಿನ ಪಾಲಿಲ್ಲ ಎಂಬುದು ಆಟದ ನಿಯಮ. ಅವರು ಅಗಸೆ ದಾಟಿ ಒಳಗೆ ಬಂದು, ಪಕ್ಕದಲ್ಲೇ ತೆರೆದಿದ್ದ ಬಾಗಿಲು ಹೊಕ್ಕರು. ಗಂಟು ಇಳಿಸಿದರು. ಸರ್ವಮಂಗಳ ಆ ಮನೆ ಕಟ್ಟಿದಾಗಿನಿಂದ ಮೊಟ್ಟಮೊದಲ ಬಾರಿಗೆ ಅದರ ಒಲೆಯಿಂದ ಹೊಗೆ ಎದ್ದಿತು. ಅವರು ಉಂಡು, ಊರಿನವರಾಗಿ, ತಮ್ಮ ಹಳೆಯ ಮನೆಯ ಬೀಗ ತೆಗೆದರು. ಅವರ ಹಿಂದೆ ಇನ್ನೊಂದು ಸಂಸಾರ ಬಂತು, ಅದರ ಹಿಂದೆ ಮತ್ತೊಂದು. ಅಳಿದುಹೋದವರು ಬರಲಿಲ್ಲ. ಉಳಿದವರೆಲ್ಲ ಆ ಸೊಟ್ಟ ಮನೆಯಲ್ಲಿ ಒಂದು ಹೊತ್ತು ಉಂಡೇ ಊರೊಳಗೆ ಹೋದರು.

"ನಿಮ್ಮಮ್ಮ ಮರ್ತಿರ್ಲಿಲ್ಲ," ಎಂದರು ಬಕ್ಕೇಶಪ್ಪನವರು. ಆಮೇಲೆ ಮಗಳ ಹೆಗಲಿಗೆ ತಲೆಯಿಟ್ಟು ಅತ್ತರು. ಹೆಂಡತಿ ಸತ್ತ ದಿನ ಬಂದವರಿಗೆ ಕುರ್ಚಿ, ನೀರು, ಊಟ ಎಂದು ಓಡಾಡಿದ್ದೇ ಆಗಿತ್ತು. ಅಳಲು ಅವರಿಗೆ ಪುರಸೊತ್ತು ಸಿಕ್ಕಿದ್ದು ಈಗಲೇ.

ಆ ಸಂಜೆ ಅವರು ಅಡುಗೆಮನೆಗೆ ಹೋಗಿ ಕುಕ್ಕರಿಗೆ ಮೂರು ಜನ ಎಂದು ಹೇಳಿದರು. ಅದು ಒಪ್ಪಲಿಲ್ಲ, ಮನೆಯಲ್ಲಿರುವುದು ಇಬ್ಬರೇ ಎಂದಿತು. ಬಕ್ಕೇಶಪ್ಪನವರು ಅದರ ಬಾಯಿ ಮುಚ್ಚಿಸಿ, ಡಬ್ಬದಿಂದ ಒಂದು ಪಾವು ಅಕ್ಕಿಯನ್ನು ಕೈಯಾರೆ ಸುರಿದರು. ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾರು ಬರ್ತಾರೆ ಅಪ್ಪಾಜಿ ಎಂದು ಕೇಳಿದಳು, ಉತ್ತರ ಗೊತ್ತಿದ್ದೇ.

"ಬಂದೋರು ಬರ್ತಾರೆ."

ಯಾರೂ ಬರಲಿಲ್ಲ. ಬೆಳಿಗ್ಗೆ ಶೇಂಗಾ ಸಿಡಿಯುವ ಸದ್ದಿಗೆ ಅವರಿಗೆ ಎಚ್ಚರವಾಯಿತು. ಹಸಿಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಾ ಹೋಗಿ ತಮ್ಮ ಜಾಗದಲ್ಲಿ ಕೂತರು. ಪಕ್ಕದ ಕೋಣೆಯಲ್ಲಿ ಬುತ್ತಿಪೇಟೆಯ ಮೊದಲ ಗಾಡಿಯ ಗಂಟೆ ಕೇಳಿಸಿತು. ದಾಕ್ಷಾಯಿಣಿ ತಟ್ಟೆ ತಂದಿಟ್ಟಳು. ಬಕ್ಕೇಶಪ್ಪನವರು ಅದನ್ನು ನೋಡಿ, ಹಿಂದೆ ಮಾಡುತ್ತಿದ್ದಂತೆಯೇ ಮುಖ ಸಿಂಡರಿಸಿದರು. "ಇವತ್ತೂ ನಿನ್ನೆ ಅನ್ನಾನಾ?"

ಮಗಳು ಅವರ ಎದುರಿಗೆ ತನ್ನ ತಟ್ಟೆಯನ್ನೂ ಇಟ್ಟುಕೊಂಡು ಕೂತಳು.

"ಬಂದೋರು ಬರ್ಲಿಲ್ಲ," ಎಂದಳು. "ನೀವೇ ಬಂದೋರು ಅಂದ್ಕೊಂಡು ಉಣ್ರಿ."